ಗೇಟಿನೆದುರು, ರಸ್ತೆಯಾಚೆ

ಫೆಬ್ರವರಿ 8, 1999, ಸೋಮವಾರ

ಡೆಲ್ಮಿರಾ ಮಲಗಿದ್ದಾಳೆ. ರಾತ್ರಿ ಪಾಳಿ ಮುಗಿಸಿ ಬಂದವಳು ಕಾಫಿಯನ್ನೂ ಪೂರ್ತಿ ಕುಡಿಯದೆ ಮಂಚಕ್ಕೆ ಒರಗಿದಳು. ಇರುವುದೊಂದೇ ಕೋಣೆ. ಕುರ್ಚಿ ಎಳೆದರೂ ಅವಳಿಗೆ ಎಚ್ಚರವಾಗುತ್ತದೆ. ರೇಡಿಯೋ ಹಾಕುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ. ಸದ್ದಿಲ್ಲದೆ ಮಾಡಬಹುದಾದ ಕೆಲಸ ಏನಿದೆ ಎಂದು ಯೋಚಿಸಿ ಬರೆಯಲು ಕೂತಿದ್ದೇನೆ. ಬಾಳೆತೋಟದಲ್ಲಿದ್ದಾಗ ಇಂಥ ಯೋಚನೆಯೇ ಬರುತ್ತಿರಲಿಲ್ಲ. ಅಲ್ಲಿ ಹಗಲು ಮಲಗಿದವರೆಂದರೆ ಜ್ವರದವರು ಮಾತ್ರ.

ಅಕ್ಟೋಬರಿನ ಚಂಡಮಾರುತಕ್ಕೆ ಉಲುವಾ ನದಿ ತೋಟದೊಳಗೆ ನುಗ್ಗಿ ಬಾಳೆಯನ್ನೂ ನಮ್ಮ ಸಾಲುಮನೆಗಳನ್ನೂ ಒಟ್ಟಿಗೆ ಮಲಗಿಸಿಬಿಟ್ಟಿತು. ಕಂಪನಿ ಎಲ್ಲರನ್ನೂ ಬಿಡಿಸಿ ಕಳಿಸಿತು. ಮತ್ತೆ ನೆಟ್ಟ ಮೇಲೆ ಕರೆಸುತ್ತೇವೆ ಎಂದು ಮೇಸ್ತ್ರಿ ಹೇಳಿದ. ಅಲ್ಲಿಯವರೆಗೆ ಎಲ್ಲಾದರೂ ಕಾಲ ಕಳೆಯಬೇಕಲ್ಲ, ಅದಕ್ಕೆ ಗಂಡಹೆಂಡತಿ ಇಬ್ಬರೂ ಚೊಲೋಮಾ ಪಟ್ಟಣಕ್ಕೆ ಬಂದೆವು. ಇಲ್ಲಿ ಬಟ್ಟೆ ಕಾರ್ಖಾನೆಗಳ ಸಾಲೇ ಇದೆ. ಡೆಲ್ಮಿರಾ ಹೋದ ದಿನವೇ ಅವಳನ್ನು ತೆಗೆದುಕೊಂಡರು. ನಾನು ಮೂರು ಕಾರ್ಖಾನೆಗಳ ಗೇಟಿಗೆ ಅಲೆದೆ. ಮೂರನೆಯ ಕಡೆ ಒಬ್ಬ ನನ್ನ ಕೈಗಳನ್ನು ತಿರುಗಿಸಿ ನೋಡಿ, ಈ ಬೆರಳಿಗೆ ಸೂಜಿ ಸಿಗುವುದಿಲ್ಲ, ಹೆಂಗಸರಿದ್ದರೆ ಕಳಿಸಿ ಎಂದ. ಒರಟಾಗಿಯೇನೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಇಷ್ಟು ಹೊತ್ತಿಗೆ ತೋಟದಲ್ಲಿ ಮೊದಲ ಸುತ್ತಿನ ಗೊನೆ ಕಡಿದು, ತೂಗುತಂತಿಗೆ ಸಿಕ್ಕಿಸಿ, ಪ್ಯಾಕಿಂಗ್ ಮನೆಯವರೆಗೆ ಎಳೆದುಕೊಂಡು ಹೋಗುತ್ತಿರುತ್ತಿದ್ದೆವು. ಬಾಳೆಯ ಹಾಲು ಅಂಗಿಗೆ ತಾಗಿ ಕಪ್ಪಾಗಿ ಉಳಿಯುತ್ತಿತ್ತು. ಡೆಲ್ಮಿರಾ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಈಗ ನನ್ನ ಅಂಗಿಗಳೆಲ್ಲ ಸ್ವಚ್ಛವಾಗಿವೆ.

ಫೆಬ್ರವರಿ 26, ಶುಕ್ರವಾರ

ಈ ವಠಾರದ ಒಡತಿ ದೋನ್ಯಾ ಉಬಾಲ್ದಾ. ಅವಳಿಗೆ ಎಲ್ಲರ ವಿಷಯವೂ ಬೇಕು. ನಮಗೆ ಮಕ್ಕಳಿಲ್ಲವೆಂದು ತಿಳಿದ ದಿನದಿಂದ ನನ್ನನ್ನು ಅಂಗಳದಲ್ಲಿ ಕಂಡರೆ ಏನಾದರೊಂದು ಕೆಲಸ ಹಚ್ಚುತ್ತಾಳೆ. ನಾನೂ ಮಾಡುತ್ತೇನೆ. ಇಂದು ಕಟ್ಟಿಕೊಂಡಿದ್ದ ಬಚ್ಚಲ ಕೊಳವೆ ಬಿಡಿಸಿಕೊಟ್ಟೆ.

ಬೀದಿ ಕಡೆಯ ಕೋಣೆಯಲ್ಲಿ ಎಲ್ಲರೂ ಮರ್ಯಾದೆಯಿಂದ ದೋನ್ ಫಕುಂದೋ ಎಂದು ಕರೆಯುವ ದರ್ಜಿ ಇದ್ದಾನೆ. ಅರವತ್ತರ ಹತ್ತಿರದವನು. ಬಾಗಿಲಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಕೂರುತ್ತಾನೆ, ಗಿರಾಕಿ ಬರುವುದನ್ನು ಮಾತ್ರ ನಾನು ಕಂಡಿಲ್ಲ. ಕಾರ್ಖಾನೆಯವರು ತಿರಸ್ಕರಿಸಿದ ಅಂಗಿಗಳು ಸಂತೆಯಲ್ಲಿ ರಾಶಿ ರಾಶಿ ಸಿಗುವಾಗ ಅಳತೆ ಕೊಟ್ಟು ಹೊಲಿಸುವವರು ಯಾರು? ನನ್ನ ಹೆಂಡತಿ ಅಲ್ಲಿ ಏನು ಹೊಲಿಯುತ್ತಾಳೆ ಎಂದು ಅವನು ಕೇಳಿದ. ಎಡತೋಳು ಎಂದೆ. ಬಲತೋಳನ್ನು ಯಾರು ಹೊಲಿಯುತ್ತಾರೆ ಎಂದ. ಅವಳ ಪಕ್ಕದವಳು ಎಂದೆ. ಅವನು ನಗಲು ಹೋಗಿ ಅರ್ಧಕ್ಕೇ ಬಿಟ್ಟ.

ಮಾರ್ಚ್ 9, ಮಂಗಳವಾರ

ಇಂದು ನಾವಿಬ್ಬರು ಆಡಿದ್ದು ಇಷ್ಟೇ. ಉಪ್ಪು ಎಲ್ಲಿ ಎಂದು ಕೇಳಿದಳು. ಡಬ್ಬದ ಹಿಂದೆ ಎಂದೆ.

ಏಪ್ರಿಲ್ 2, ಶುಭ ಶುಕ್ರವಾರ

ಪವಿತ್ರ ವಾರಕ್ಕೆ ಎರಡು ದಿನ ಕಾರ್ಖಾನೆ ಮುಚ್ಚಿದೆ. ಈ ಎರಡು ದಿನಕ್ಕಾಗಿ ನಾನು ಹಬ್ಬಕ್ಕೆ ಕಾಯುವ ಮಕ್ಕಳ ಹಾಗೆ ಕಾದಿದ್ದೆ. ನಿನ್ನೆ ಇಡೀ ದಿನ ಅವಳು ಮಲಗಿದಳು. ನಿದ್ದೆಯಲ್ಲೂ ಅವಳ ಬಲಗೈ ಏನನ್ನೋ ಮುಂದಕ್ಕೆ ತಳ್ಳುತ್ತಿತ್ತು. ಮೊದಲು ಕನಸು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಸೂಜಿಯ ಕೆಳಗೆ ಬಟ್ಟೆ ತಳ್ಳುತ್ತಿದ್ದಾಳೆ. ನಡುನಡುವೆ ಒಣಕೆಮ್ಮು. ಆ ನೂಲಿನ ಧೂಳು ಗಂಟಲಲ್ಲೇ ಕೂರುತ್ತದಂತೆ.

ಇಂದು ಮೆರವಣಿಗೆ ನೋಡಿ, ಹೊಳೆಯ ದಂಡೆಯವರೆಗೆ ನಡೆದು ಹೋದೆವು. ಅಲ್ಲಿ ಯಾರೋ ಹಾಕಿದ್ದ ನಾಲ್ಕು ಬಾಳೆಗಿಡ ಕಂಡು ನಾನು ನಿಂತುಬಿಟ್ಟೆ. ಎಲೆಗೆ ರೋಗ ಹತ್ತಿತ್ತು, ಕಂದುಗಳನ್ನು ಕೀಳದೆ ಬಿಟ್ಟಿದ್ದರು. ಹಾಗೆ ಬಿಡಬಾರದು ಎಂದು ನಾನು ಹೇಳುತ್ತಲೇ ಇದ್ದೆ. ಡೆಲ್ಮಿರಾ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಮಾತು ಶುರುಮಾಡಿದಳು. ನೊಯೆಲಿಯಾ ಎಂಬವಳು ಮೇಲ್ವಿಚಾರಕಿಯನ್ನು ಅಣಕಿಸಿದ್ದು, ಇನ್ನೊಬ್ಬಳು ಯಂತ್ರದ ಹಿಂದೆ ಹುಣಿಸೆ ಮಿಠಾಯಿ ಬಚ್ಚಿಟ್ಟದ್ದು. ಹೇಳುತ್ತಾ ಹೇಳುತ್ತಾ ನಗುತ್ತಿದ್ದಳು. ಆ ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿಲ್ಲ. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳಿಗೆ ಗೊತ್ತಿದ್ದ ಎಲ್ಲರೂ ನನಗೂ ಗೊತ್ತಿದ್ದವರೇ.

ಜತೆಗೇ ನಡೆಯುತ್ತಿದ್ದವಳನ್ನು ನೋಡಬೇಕೆಂದು ಅಷ್ಟೊಂದು ಆಸೆಯಾದದ್ದು ಯಾಕೋ ತಿಳಿಯದು.

ಏಪ್ರಿಲ್ 19, ಸೋಮವಾರ

ಒಂದು ಉಪಾಯ ಹೊಳೆದಿದೆ. ಪಾಳಿ ಬಿಡುವ ಹೊತ್ತಿಗೆ ನಾನೇ ಗೇಟಿಗೆ ಹೋದರೆ ಮನೆಯವರೆಗಿನ ದಾರಿ ನಮ್ಮಿಬ್ಬರದು. ಕೋಣೆಗೆ ಬಂದರೆ ಅವಳು ಮಲಗುತ್ತಾಳೆ, ದಾರಿಯಲ್ಲಿ ಮಲಗಲಾರಳಲ್ಲ. ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ ಎಂದು ತಿನ್ನಲು ಬಲೆಯಾದ ಮಾಡಿಕೊಂಡು ಹೋದೆ. ಗೋಧಿ ರೊಟ್ಟಿಗೆ ಅರೆದ ಬೀನ್ಸ್‌ಕಾಳು, ಕೆನೆ, ಚೀಸ್ ಪುಡಿ ಹಾಕಿ ಮಡಿಚುವುದಷ್ಟೇ. ಆ ರೊಟ್ಟಿ ತಟ್ಟುವುದನ್ನು ಕಲಿಯಲು ದೋನ್ಯಾ ಉಬಾಲ್ದಾಳಿಂದ ಮೂರು ದಿನ ಬೈಸಿಕೊಂಡಿದ್ದೇನೆ. ಗೊನೆ ಕಡಿಯುವ ಬಲವನ್ನೆಲ್ಲ ಹಿಟ್ಟಿನ ಮೇಲೆ ಹಾಕಬೇಡ, ಅದೇನು ನಿನಗೆ ಸಾಲ ಕೊಡಬೇಕಾ ಎಂದು ಅವಳು ರೇಗಿಸುತ್ತಿದ್ದಳು.

ಗೇಟು ತೆರೆದಾಗ ಹೆಂಗಸರು ಅಣೆಕಟ್ಟಿನ ನೀರಿನ ಹಾಗೆ ಹೊರಬಂದರು. ಕೂದಲ ತುಂಬ ಬಿಳಿ ನೂಲು, ಎಲ್ಲರಿಗೂ ಒಂದೇ ರಾತ್ರಿಯಲ್ಲಿ ಮುಪ್ಪು ಬಂದ ಹಾಗೆ. ಆ ಗುಂಪಿನಲ್ಲಿ ಡೆಲ್ಮಿರಾಳನ್ನು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಅವಳು ತಿನ್ನುವುದನ್ನು ನೋಡಿ ನೊಯೆಲಿಯಾ ತನಗೂ ಕೇಳಿದಳು. ಕೆಂಪು ಕೂದಲಿನ, ದೊಡ್ಡ ದನಿಯ ಹುಡುಗಿ. ನನ್ನ ಪಾಲಿನದನ್ನು ಕೊಟ್ಟೆ.

ದಾರಿಯುದ್ದಕ್ಕೂ ನಾವು ಮಾತಾಡಿದೆವು.

ಮೇ 14, ಶುಕ್ರವಾರ

ಈಗ ದಿನಾ ಒಂದು ಬುಟ್ಟಿ ತುಂಬ ಒಯ್ಯುತ್ತೇನೆ. ವ್ಯಾಪಾರವೆಂದು ಹೇಳಲಾರೆ, ಹೇಗೂ ಹೋಗುತ್ತೇನಲ್ಲ ಅಂತ. ತೋಟದಿಂದ ಕರೆ ಬರುವವರೆಗೆ. ಕೆಲವು ಹುಡುಗಿಯರಿಗೆ ಕೆನೆ ಆಗದು, ಕೆಲವರಿಗೆ ಖಾರ ಬೇಕು. ಒಬ್ಬಳು ಬಸುರಿ, ಅವಳಿಗೆ ಮೊಟ್ಟೆ ಬೇಯಿಸಿ ಬೇರೆ ಇಟ್ಟಿರುತ್ತೇನೆ. ಬಸುರಿಯೆಂದು ಒಳಗೆ ಯಾರಿಗೂ ತಿಳಿಸಿಲ್ಲ, ತಿಳಿದರೆ ಬಿಡಿಸುತ್ತಾರಂತೆ. ಅವಳು ಸಡಿಲ ಅಂಗಿ ಹಾಕಿಕೊಂಡು ಓಡಾಡುತ್ತಾಳೆ.

ಮೊನ್ನೆ ಡೆಲ್ಮಿರಾ ಚಮಚ ಬಾಯಲ್ಲಿ ಇಟ್ಟುಕೊಂಡೇ ನಿದ್ದೆಹೋದಳು. ಮೆಲ್ಲಗೆ ಚಮಚ ತೆಗೆದು, ಮಲಗಿಸಿ, ಕೂದಲಿನ ನೂಲನ್ನು ಒಂದೊಂದಾಗಿ ಆರಿಸಿ ತೆಗೆದೆ. ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತು ಅವಳ ಹತ್ತಿರ ಕೂತು ಎಷ್ಟು ದಿನವಾಗಿತ್ತೋ.

ಜೂನ್ 21, ಸೋಮವಾರ

ದೋನ್ ಫಕುಂದೋ ಅಂಗಡಿ ಮುಚ್ಚಿದ. ಮುಚ್ಚಿದವನು ಎಲ್ಲಿಗೆ ಹೋದನೆಂದು ಇಂದು ತಿಳಿಯಿತು. ಗೇಟಿನಲ್ಲಿ, ಕಾವಲುಗಾರನ ಖಾಕಿಯಲ್ಲಿ ನಿಂತಿದ್ದ. ಹೊರಬರುವ ಹೆಂಗಸರ ಕೈಚೀಲ ತೆರೆಸಿ ನೋಡುವುದು ಅವನ ಕೆಲಸ. ಪ್ಯಾಂಟು ಉದ್ದವಾಗಿ ಬೂಟಿನ ಮೇಲೆ ಮಡಿಕೆಬಿದ್ದಿತ್ತು, ಭುಜ ಜೋತುಬಿದ್ದಿತ್ತು. ಊರಿಗೆಲ್ಲ ಅಳತೆ ತೆಗೆದವನು ಅದನ್ನು ಸರಿಮಾಡಿಕೊಂಡಿಲ್ಲ ಯಾಕೆ ಎಂದು ಕೇಳಿದೆ. ಮಿಷನ್ ಮಾರಿದೆ ಎಂದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬ ಬಂದು ಅವನ ಕಿವಿಯಲ್ಲಿ ಏನೋ ಹೇಳಿ ಹೋದ. ಅವನು ಲಾಠಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಲಿಸಾಂದ್ರೋ, ಗೇಟಿನ ಹತ್ರ ಮಾರೋ ಹಾಗಿಲ್ವಂತೆ ಕಣಪ್ಪ. ಎಬ್ಬಿಸು ಅಂದ್ರು."

"ನೀವು ಎಬ್ಬಿಸ್ತೀರಾ, ದೋನ್ ಫಕುಂದೋ?"

"ಎಬ್ಬಿಸ್ದೇ ಇದ್ರೆ ನಾಳೆ ಇಲ್ಲಿ ಇನ್ನೊಬ್ಬ ನಿಂತಿರ್ತಾನೆ. ರಸ್ತೆ ದಾಟಿ ಆ ಬದಿಗೆ ಹೋಗು. ಅದು ಇವರ ಅಪ್ಪನ ಆಸ್ತಿ ಅಲ್ಲ."

ಬುಟ್ಟಿ ಎತ್ತಿಕೊಂಡು ಚರಂಡಿಯ ಆಚೆ, ಬಾದಾಮಿ ಮರದ ಕೆಳಗೆ ಹೋಗಿ ನಿಂತೆ. ನನಗೆ ಅವಮಾನವಾಯಿತು. ಅವನಿಗೆ ನನಗಿಂತ ಹೆಚ್ಚು ಆಗಿರಬೇಕು. ಪಾಳಿ ಬಿಟ್ಟಾಗ ಯಾರೂ ಬರಲಾರರು ಎಂದುಕೊಂಡಿದ್ದೆ. ಲಾರಿಗಳ ಮಧ್ಯೆ ನುಸುಳಿಕೊಂಡು ನೊಯೆಲಿಯಾ ಮೊದಲು ಬಂದಳು, ಹಿಂದೆ ಉಳಿದವರು. ಡೆಲ್ಮಿರಾ ಎಲ್ಲರಿಗಿಂತ ಕೊನೆಗೆ ಬಂದು, ಚರಂಡಿಗೆ ಅಡ್ಡಲಾಗಿ ಒಂದು ಹಲಗೆ ಹುಡುಕಿ ಹಾಕಿದಳು.

ಜುಲೈ 18, ಭಾನುವಾರ

ತಾಚೋ ಬಂದಿದ್ದ. ತೋಟದಲ್ಲಿ ನನ್ನ ಜೋಡಿ ಅವನು. ನಾನು ಗೊನೆ ಕಡಿದರೆ ಅವನ ಭುಜದ ಮೇಲೇ ಬೀಳಬೇಕು, ಒಂಬತ್ತು ವರ್ಷ ಒಂದೂ ನೆಲಕ್ಕೆ ಬಿದ್ದದ್ದಿಲ್ಲ. ಅಂಗಳದಲ್ಲಿ ಅವನನ್ನು ಕಂಡ ಕೂಡಲೇ ನನಗೆ ಕಣ್ಣು ತುಂಬಿಬಂತು.

ಸುದ್ದಿ ತಂದಿದ್ದ. ತೋಟ ಮತ್ತೆ ನೆಟ್ಟಾಗಿದೆ. ಸೆಪ್ಟೆಂಬರಿನಿಂದ ಆಳು ತೆಗೆದುಕೊಳ್ಳುತ್ತಾರೆ. ಹೆಸರು ಕೊಡಬೇಕು.

ಹುಚ್ಚು ಹಿಡಿದವನ ಹಾಗೆ ನಕ್ಕೆ. ಡೆಲ್ಮಿರಾ ಮಲಗಿದ್ದಾಳೆಂಬುದೂ ಮರೆತು ಕೋಣೆಗೆ ನುಗ್ಗಿ ಎಬ್ಬಿಸಿದೆ. ಎದ್ದು ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ತಾಚೋನ ಹೆಂಡತಿ, ಮಕ್ಕಳ ಕ್ಷೇಮ ವಿಚಾರಿಸಿದಳು. ತಾನು ಹೊಸ ಹುಡುಗಿಯರಿಗೆ ಕಲಿಸುವ ಕೆಲಸಕ್ಕೆ ಬಡ್ತಿ ಪಡೆಯಬಹುದು ಎಂದು ಅವನಿಗೆ ಹೇಳಿದಳು. ನನಗೆ ಅದು ಆಗಲೇ ಗೊತ್ತಾದದ್ದು.

ಆಗಸ್ಟ್ 8, ಭಾನುವಾರ

ತೋಟಕ್ಕೆ ಹೋಗಿ ಬಂದೆ.

ಬಸ್ಸಿಳಿದು ಕಾಲುವೆಯ ಏರಿ ಹತ್ತಿದಾಗ ಮೊದಲು ಬಂದದ್ದು ವಾಸನೆ. ಹಸಿ ಮಣ್ಣು, ಕೊಳೆತ ಬಾಳೆದಿಂಡು. ಕಣ್ಣು ಮುಚ್ಚಿ ನಿಂತೆ. ಗಿಡಗಳು ನನ್ನ ತಲೆಯೆತ್ತರ ದಾಟಿವೆ. ಎಲೆ ಬಿಚ್ಚಿಕೊಳ್ಳುವಾಗ ಒಂದು ಸಣ್ಣ ಸದ್ದಾಗುತ್ತದೆ, ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಅದನ್ನು ಕೇಳಲಿಕ್ಕೆಂದೇ ಸಾಲಿನ ಮಧ್ಯೆ ಕೂತೆ. ತಾಚೋ ದೂರದಲ್ಲಿ ಸಿಗರೇಟು ಸೇದುತ್ತ ನಿಂತ.

ನಮ್ಮ ಸಾಲುಮನೆಗಳಿದ್ದ ಕಡೆ ಈಗ ಬಾಳೆಯೇ ಇದೆ. ಮನೆಯ ಮೆಟ್ಟಿಲು ಮೂರೂ ಹಾಗೆಯೇ ಇವೆ, ಹತ್ತಿದರೆ ಮೇಲೆ ಏನೂ ಇಲ್ಲ. ಕುಟುಂಬಗಳಿಗೆ ಇನ್ನು ಮನೆ ಕೊಡುವುದಿಲ್ಲವಂತೆ. ಗಂಡಾಳುಗಳಿಗೆ ಒಂದು ಉದ್ದನೆಯ ಕೊಟ್ಟಿಗೆ, ಅದರಲ್ಲಿ ಮಂಚ. ತಿಂಗಳಿಗೊಂದು ಭಾನುವಾರ ರಜೆ. ಗೊನೆ ಎಳೆಯಲು ತೂಗುತಂತಿಗೆ ಮೋಟರು ಕೂರಿಸಿದ್ದಾರೆ, ಹಾಗಾಗಿ ಮೊದಲಿನ ಅರ್ಧ ಆಳು ಸಾಕು. ಅದೂ ಕಂಪನಿಯ ಆಳಲ್ಲ, ಗುತ್ತಿಗೆದಾರನ ಆಳು, ಮೂರು ಮೂರು ತಿಂಗಳಿಗೆ. ಹೆಂಗಸರಿಗೆ ಪ್ಯಾಕಿಂಗ್ ಮನೆಯಲ್ಲೂ ಜಾಗ ಕಡಿಮೆ.

ಹೊಸ ಮೇಸ್ತ್ರಿ ನನ್ನ ಕೈ ನೋಡಿದ. ಇವು ನಮಗೆ ಬೇಕಾದ ಕೈ ಎಂದ. ಎಷ್ಟು ತಿಂಗಳಿಂದ ಆ ಮಾತಿಗೆ ಕಾದಿದ್ದೆ. ಹೆಸರು ಕೊಟ್ಟುಬಂದೆ.

ಬಸ್ಸಿನಲ್ಲಿ ಕೂತಾಗ ನೆನಪಾಯಿತು, ಬಸುರಿ ಹುಡುಗಿಗೆ ಮೊಟ್ಟೆ ತರಬೇಕಿತ್ತು. ದಾರಿಯಲ್ಲಿ ಇಳಿದು ತಂದೆ.

ಆಗಸ್ಟ್ 15, ಭಾನುವಾರ

ಹೆಸರು ಕೊಟ್ಟ ವಿಷಯ ಹೇಳಲು ಒಂದು ವಾರ ಹಿಡಿಯಿತು. ಇಂದು ಮಧ್ಯಾಹ್ನ ಅವಳು ಅಂಗಳದಲ್ಲಿ ತಲೆ ಒಣಗಿಸುತ್ತಿದ್ದಾಗ ಹೇಳಿದೆ. ನೀನೂ ಬಾ, ಹತ್ತಿರದ ಊರಿನಲ್ಲಿ ಕೋಣೆ ಹಿಡಿಯೋಣ, ಪ್ಯಾಕಿಂಗ್ ಮನೆಯಲ್ಲಿ ನಿನ್ನನ್ನು ಖಂಡಿತ ತೆಗೆದುಕೊಳ್ಳುತ್ತಾರೆ ಎಂದೆ.

ಅವಳು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು.

"ನೋಡು."

ಏನನ್ನು ನೋಡಬೇಕೋ ತಿಳಿಯಲಿಲ್ಲ.

"ಉಗುರು. ಹನ್ನೊಂದು ವರ್ಷ ಆ ತೊಟ್ಟಿ ನೀರಲ್ಲಿ ಕೈ ಅದ್ದಿ ಬಾಳೆ ಚಿಪ್ಪು ತೊಳ್ದೆ. ಒಂದು ಉಗುರೂ ನಿಲ್ತಿರ್ಲಿಲ್ಲ, ಔಷಧಿ ನೀರಿಗೆ ಎಲ್ಲಾ ಉದುರಿಹೋಗ್ತಿತ್ತು. ನಿಂಗೆ ನೆನಪಿದೆಯಾ?"

ನನಗೆ ನೆನಪಿರಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ.

"ಇಲ್ಲಿ ನಿಂಗೆ ಕೆಮ್ಮು ಹತ್ತಿದೆಯಲ್ಲ" ಎಂದೆ.

"ಹತ್ತಿದೆ. ಬೆನ್ನೂ ನೋಯತ್ತೆ. ಇದು ಸ್ವರ್ಗ ಅಂತ ನಾನೇನು ಹೇಳ್ಲಿಲ್ಲ. ನಾಳೆ ಇವ್ರು ಬಾಗ್ಲು ಹಾಕ್ಕೊಂಡು ಇನ್ನೊಂದು ದೇಶಕ್ಕೆ ಹೋದ್ರೂ ಹೋದಾರು. ಆದ್ರೆ ಆ ತೊಟ್ಟಿಗೆ ನಾನು ವಾಪಸ್ ಬರಲ್ಲ, ಲಿಸಾಂದ್ರೋ."

ಅವಳು ಕೂದಲು ಬಾಚಿಕೊಂಡು ಮುಗಿಸಿದಳು. ಒಳಗೆ ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

"ನೀನು ಹೋಗು. ಮನಸ್ಸು ಅಲ್ಲಿಟ್ಟು ಇಲ್ಲಿ ರೊಟ್ಟಿ ತಟ್ಕೊಂಡು ಎಷ್ಟು ದಿನ ಅಂತ ಇರ್ತೀಯ? ನಾನು ತಡೆಯಲ್ಲ."

ತಡೆದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 30, ಸೋಮವಾರ

ಬಾದಾಮಿ ಮರದ ಕೆಳಗೆ ಈಗ ಒಲೆಯನ್ನೇ ಇಟ್ಟಿದ್ದೇನೆ. ಬಿಸಿಯಾಗಿ ಕೊಟ್ಟರೆ ಆ ಹೆಣ್ಣುಮಕ್ಕಳ ಮುಖದಲ್ಲಿ ನಿದ್ದೆಯ ಮಂಕು ಸ್ವಲ್ಪ ಹೋಗುತ್ತದೆ. ಕಾವಲು ಬದಲಾಗುವಾಗ ದೋನ್ ಫಕುಂದೋ ಕೂಡ ರಸ್ತೆ ದಾಟಿ ಬಂದು ಕಾಫಿ ಕುಡಿಯುತ್ತಾನೆ. ಇಂದು ಕೆನೆ ಪಾತ್ರೆಗೆ ಹೊದಿಸಲು ಒಂದು ಬಟ್ಟೆ ತಂದುಕೊಟ್ಟ. ಅಂಚನ್ನು ಕೈಯಲ್ಲೇ ಹೊಲಿದಿದ್ದ, ಎಷ್ಟು ಸಣ್ಣ ಹೊಲಿಗೆ.

ನಾನು ಹೋದ ಮೇಲೆ ಈ ಜಾಗ ಯಾರು ನೋಡಿಕೊಳ್ಳುತ್ತಾರೋ. ನೊಯೆಲಿಯಾಳ ತಾಯಿಗೆ ಹೇಳಿದರೆ ಆದೀತು. ಆದರೆ ಅವಳು ಕಾಳಿಗೆ ಬೆಳ್ಳುಳ್ಳಿ ಹಾಕುವುದಿಲ್ಲ.

ಸೆಪ್ಟೆಂಬರ್ 12, ಭಾನುವಾರ

ನಾಳೆ ಹೊರಡುವುದು. ಪ್ರತಿ ಸೋಮವಾರ ಹೊಸ ಆಳು ತುಂಬಿಕೊಳ್ಳುವ ಗುತ್ತಿಗೆದಾರನ ಟ್ರಕ್ಕು ಬೆಳಿಗ್ಗೆ ಈ ರಸ್ತೆಯಲ್ಲೇ ಬರುತ್ತದೆ, ಆಳು ಕೂಡಿಸಲು ತಾಚೋನೂ ಅದರಲ್ಲಿರುತ್ತಾನೆ, ಕಾರ್ಖಾನೆಯ ತಿರುವಿನಲ್ಲಿ ಹತ್ತಿಕೊಳ್ಳಬೇಕು. ಮಚ್ಚು ಮಸೆದೆ. ಬೂಟಿಗೆ ಎಣ್ಣೆ ಹಚ್ಚಿದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ.

ಡೆಲ್ಮಿರಾ ಪಾಳಿಗೆ ಹೊರಡುವ ಮುಂಚೆ ನನ್ನ ಅಂಗಿಗಳನ್ನು ಮಡಿಚಿ ಕೊಟ್ಟಳು. ಒಂದರ ಎಡತೋಳಿನ ಹೊಲಿಗೆ ಬಿಟ್ಟಿತ್ತಂತೆ, ಹಾಕಿಕೊಟ್ಟಳು. ಬಾಗಿಲಲ್ಲಿ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ಸಂಜೆಯ ಬಿಸಿಲು ಅವಳ ಮುಖದ ಮೇಲಿತ್ತು. ಅವಳಿಗೆ ವಯಸ್ಸಾಗಿದೆ, ಚಂದವೂ ಆಗಿದ್ದಾಳೆ. ಹೇಳಬೇಕೆಂದಿದ್ದೆ. ಜೋಪಾನ ಎಂದಷ್ಟೇ ಬಾಯಿಂದ ಬಂತು.

ಕಾಳು ನೆನೆಹಾಕಿದ್ದೇನೆ. ಟ್ರಕ್ಕು ಬರುವ ಹೊತ್ತೂ ಪಾಳಿ ಬಿಡುವ ಹೊತ್ತೂ ಹೆಚ್ಚು ಕಡಿಮೆ ಒಂದೇ. ಹೇಗೂ ಅಲ್ಲೇ ನಿಂತಿರುತ್ತೇನಲ್ಲ, ಕೊನೆಯ ದಿನ ಮಕ್ಕಳು ಹಸಿದುಕೊಂಡು ಹೋಗುವುದು ಬೇಡ.

ಸೆಪ್ಟೆಂಬರ್ 13, ಸೋಮವಾರ

ಇಂದು ಜನ ಹೆಚ್ಚು. ಕೊನೆಯ ದಿನವೆಂದು ನೊಯೆಲಿಯಾ ಒಳಗೆಲ್ಲ ಸಾರಿಬಿಟ್ಟಿದ್ದಳು. ಹಗಲು ಪಾಳಿಗೆ ಹೋಗುವವರೂ ರಾತ್ರಿ ಪಾಳಿ ಬಿಟ್ಟವರೂ ಒಟ್ಟಿಗೆ ಮರದ ಕೆಳಗೆ ಸೇರಿದರು. ಬಸುರಿ ಹುಡುಗಿಗೆ ಏಳು ತಿಂಗಳು, ಇನ್ನು ಬಚ್ಚಿಡಲಾಗಲಿಲ್ಲ, ಕಳೆದ ವಾರ ಅವಳನ್ನು ಕೆಲಸದಿಂದ ಬಿಡಿಸಿದರು. ಆದರೂ ಮೊಟ್ಟೆಗೆಂದು ನಡೆದುಕೊಂಡು ಬಂದಿದ್ದಳು. ರೊಟ್ಟಿ ತಟ್ಟಲು ನನಗೆ ಕೈ ಸಾಲದು. ಚೀಲ, ಮಚ್ಚು ಮರಕ್ಕೆ ಒರಗಿಸಿದ್ದೆ.

ಡೆಲ್ಮಿರಾ ಬಂದಳು. ಚೀಲವನ್ನು ನೋಡಿದಳು, ಸಾಲನ್ನು ನೋಡಿದಳು. ಕೊಡದಲ್ಲಿ ಕೈ ತೊಳೆದು ಒಲೆಯ ಈಚೆ ಬಂದು ನಿಂತು ರೊಟ್ಟಿಗೆ ಕಾಳು ಸವರತೊಡಗಿದಳು. ನಾನು ಬೇಯಿಸಿ ಕೊಟ್ಟೆ, ಅವಳು ಮಡಿಚಿ ಕೊಟ್ಟಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಟ್ರಕ್ಕು ಬಂತು. ತಾಚೋ ಹಿಂದಿನಿಂದ ಕೂಗಿದ.

"ಹತ್ತೋ ಮಾರಾಯ, ಹೊತ್ತಾಯ್ತು."

ಒಂದು ನಿಮಿಷ ಎಂದು ಕೈ ತೋರಿಸಿದೆ. ಕಾವಲಿಯ ಮೇಲೆ ಮೂರು ರೊಟ್ಟಿಯಿತ್ತು. ಅವನ್ನು ತೆಗೆದೆ, ಇನ್ನೂ ಐದಾರು ಜನ ನಿಂತಿದ್ದರು, ಅವರಿಗೂ ಹಾಕಿದೆ. ಡ್ರೈವರು ಹಾರ್ನ್ ಹೊಡೆದ. ಡೆಲ್ಮಿರಾ ತಲೆಯೆತ್ತಲಿಲ್ಲ, ಅವಳ ಕೈ ಮಾತ್ರ ನಿಂತಿತು. ಟ್ರಕ್ಕು ಇನ್ನೊಮ್ಮೆ ಹಾರ್ನ್ ಹೊಡೆದು ಹೊರಟಿತು. ಮುಂದಿನ ಸೋಮವಾರವೂ ಬರ್ತೀವಿ, ರೆಡಿಯಾಗಿರು ಎಂದು ತಾಚೋ ಕೂಗಿದ್ದು ಕೇಳಿಸಿತು.

ಮುಂದಿನ ಸೋಮವಾರ ಹೋಗುತ್ತೇನೆ. ಇಂದು ಅಷ್ಟೊಂದು ಜನರನ್ನು ಬಿಟ್ಟು ಹೋಗುವುದು ಸರಿಯಿರಲಿಲ್ಲ.

ದಾರಿಯಲ್ಲಿ ಚೀಲವನ್ನು ಡೆಲ್ಮಿರಾ ಹೊತ್ತುಕೊಂಡಳು. ಕೊಡು ಎಂದರೂ ಕೊಡಲಿಲ್ಲ.

ಸೆಪ್ಟೆಂಬರ್ 20, ಸೋಮವಾರ

ಮಳೆ. ಮರದ ಕೆಳಗೆ ತಾಡಪಾಲು ಕಟ್ಟಬೇಕಾಯಿತು. ಟ್ರಕ್ಕು ಬಂದು ಹೋಯಿತು, ಆಗ ನಾನು ಹಗ್ಗ ಹಿಡಿದು ಮರದ ಮೇಲಿದ್ದೆ. ದೋನ್ ಫಕುಂದೋ ಕೆಳಗಿನಿಂದ ಗಂಟು ಹೇಗೆ ಹಾಕಬೇಕೆಂದು ಹೇಳುತ್ತಿದ್ದ.

ಡೆಲ್ಮಿರಾಳಿಗೆ ಬಡ್ತಿಯಾಗಿದೆ. ಬರುವ ತಿಂಗಳಿಂದ ಹಗಲು ಪಾಳಿ.

ಸೆಪ್ಟೆಂಬರ್ 27, ಸೋಮವಾರ

ಇಂದು ಟ್ರಕ್ಕು ನಿಲ್ಲಲಿಲ್ಲ. ನಿಧಾನವೂ ಆಗಲಿಲ್ಲ. ಹಿಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಗಂಡಸರು ನಿಂತಿದ್ದರು, ಗೋಣಿಯಲ್ಲಿ ಸುತ್ತಿದ ಮಚ್ಚುಗಳನ್ನು ಕಾಲ ನಡುವೆ ಇಟ್ಟುಕೊಂಡು. ತಾಚೋನ ಪಕ್ಕದಲ್ಲಿ, ನನ್ನ ಜಾಗದಲ್ಲಿ, ನಾನು ಎಂದೂ ಕಂಡಿರದ ಒಬ್ಬ ನಿಂತಿದ್ದ. ತಾಚೋ ಕೈಯೆತ್ತಿದ. ನಾನೂ ಎತ್ತಿದೆ, ಕೈಯಲ್ಲಿ ಮಗುಚುವ ಕೋಲಿತ್ತು.

ಈಗ ಬಾಳೆ ಹೂ ಹಾಕುವ ಕಾಲ. ಹೂವಿನ ಸಿಪ್ಪೆ ಒಂದೊಂದಾಗಿ ಮೇಲೆ ಸರಿದಾಗ ಒಳಗೆ ಬೆರಳಷ್ಟು ಸಣ್ಣ ಕಾಯಿಗಳು ಸಾಲಾಗಿ ಆಕಾಶಕ್ಕೆ ಮುಖ ಮಾಡಿರುತ್ತವೆ. ಬೆಳಗಿನ ಹೊತ್ತು ಅದರ ಜೇನಿಗೆ ಬಾಯಿ ಹಾಕಿದರೆ ಸಿಹಿಗಿಂತ ಮೊದಲು ತಂಪು ಹತ್ತುತ್ತದೆ. ಈ ವರ್ಷ ಆ ಸಾಲುಗಳಲ್ಲಿ ಯಾರು ನಡೆಯುತ್ತಾರೋ, ಯಾರು ನಿಂತು ನೋಡುತ್ತಾರೋ.

ಟ್ರಕ್ಕು ಸೇತುವೆಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ. ಮರೆಯಾದ ಮೇಲೂ ಅದರ ಸದ್ದು ಸ್ವಲ್ಪ ಹೊತ್ತು ಇತ್ತು.

"ದೋನ್ ಲಿಸಾಂದ್ರೋ, ಸೀದು ಹೋಗ್ತಿದೆ" ಎಂದಳು ನೊಯೆಲಿಯಾ.

ರೊಟ್ಟಿ ಮಗುಚಿದೆ.